ತೆಳು ಸ್ವರದವನು

ಅವನು ಸತ್ತ ದಿನ ನಾವು ಹೋಟೆಲಿಗೆ ರಜೆ ಹಾಕಲಿಲ್ಲ. ಹಾಕೋಣವಾ ಎಂದು ಮಗ ಕೇಳಿದ. ಬೇಡ ಎಂದೆ. ಬೆಳಿಗ್ಗೆ ಇಡ್ಲಿಗೆ ಬಂದು ನಿಲ್ಲುವವರಿಗೆ ಅವನು ಯಾರು? ರಜೆ ಹಾಕಿದ್ದರೆ ಅವನಿಗೇ ಸಿಟ್ಟು ಬರುತ್ತಿತ್ತು. ನಮ್ಮ ಯಜಮಾನರು ತೀರಿಹೋದಾಗ ಬಾಗಿಲು ಹಾಕಿದ್ದಕ್ಕೆ, "ಅಕ್ಕಾ, ಸತ್ತಿರೋದು ಅವರು, ಕಾಫಿ ಇಲ್ದೆ ಸಾಯ್ತಿರೋದು ನಾವು" ಎಂದು ನನ್ನ ಮುಖದ ಮೇಲೆಯೇ ಹೇಳಿದವನು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಕೆನ್ನೆಗೆ ಬಿಡುತ್ತಿದ್ದೆ. ಅವನಿಗೆ ಕಾಫಿ ಮಾಡಿಕೊಟ್ಟೆ.

ಹೆಸರು ಬರೆಯುವುದಿಲ್ಲ. ತನ್ನ ಹೆಸರನ್ನು ಅವನೇ ಎಲ್ಲೂ ಹಾಕಿಕೊಳ್ಳಲಿಲ್ಲ. ಹಾಡಿದ ಕ್ಯಾಸೆಟ್ಟಿನ ಮೇಲೆ ಏನೋ ಒಂದು ಇಂಗ್ಲಿಷ್ ಹೆಸರು, ಮೈಕ್ ಸೆಟ್ಟಿನ ಪೆಟ್ಟಿಗೆಗಳ ಮೇಲೆ ಅಪ್ಪನ ಹೆಸರು. ನಾನೇಕೆ ಈಗ ಹೊಸದಾಗಿ ಶುರುಮಾಡಲಿ?

ಅವನ ಅಪ್ಪ ಮೈಸೂರಿನವರು. ಕನ್ನಡ ಸಿನಿಮಾಗಳನ್ನು ಇಲ್ಲಿ ಮದ್ರಾಸಿನ ಕೋಡಂಬಾಕ್ಕಂನಲ್ಲಿಯೇ ತೆಗೆಯುತ್ತಿದ್ದ ಕಾಲದಲ್ಲಿ ಸ್ಟುಡಿಯೋದ ಸೌಂಡಿನ ಕೆಲಸಕ್ಕೆ ಬಂದವರು. ಸಿನಿಮಾದವರೆಲ್ಲ ಬೆಂಗಳೂರಿಗೆ ಹೋದರು, ಇವರು ಹೋಗಲಿಲ್ಲ. ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತ ಇಲ್ಲೇ ಉಳಿದರು. ಮಗ ನಮ್ಮ ಹೋಟೆಲಿನ ಹಿಂದಿನ ಓಣಿಯಲ್ಲಿ ಹುಟ್ಟಿದ, ಅದೇ ಮನೆಯಲ್ಲಿ ಸತ್ತ. ಮದುವೆಯಾಗಲಿಲ್ಲ. ಅವನ ಕನ್ನಡ ಮೈಸೂರಿನದು, ಬೈಗುಳ ಮಾತ್ರ ತಮಿಳಿನದು. ನಾನು ಉಡುಪಿ ಕಡೆಯವಳು. "ನೀವು 'ಎಂತ ಮಾರಾಯ' ಅನ್ನೋದು ಕೇಳಿದ್ರೆ ಸಾಂಬಾರ್‌ಗೆ ಬೆಲ್ಲ ಹಾಕಿದಂಗೆ ಇರತ್ತೆ ಅಕ್ಕಾ" ಎಂದು ತಮಾಷೆ ಮಾಡುತ್ತಿದ್ದ. ನಾವು ಸಾಂಬಾರಿಗೆ ಬೆಲ್ಲ ಹಾಕುವವರೇ. ತಟ್ಟೆಗಟ್ಟಲೆ ತಿಂದು ಬೆಳೆದವನು ಅವನು.

ಅಪ್ಪನ ನಂತರ ಮೈಕ್ ಸೆಟ್ಟು ಅವನಿಗೆ ಬಂತು. ಮೈಕಿನ ಮುಂದೆ ಎಲ್ಲರ ಹಾಗೆ 'ಹಲೋ ಹಲೋ' ಎನ್ನುತ್ತಿರಲಿಲ್ಲ. "ಪೂರಿ, ಪೊಂಗಲ್, ಸಾಂಬಾರ್, ಸಾಗು" ಎನ್ನುತ್ತಿದ್ದ. ಪ ಮತ್ತು ಸ ಸರಿಯಾಗಿ ಬಂದರೆ ಮಿಕ್ಕ ಅಕ್ಷರಗಳು ತಾವಾಗಿಯೇ ಬರುತ್ತವೆ ಎಂದು ಅಪ್ಪ ಕಲಿಸಿದ್ದರಂತೆ. ಮದುವೆಗೆ ಬಂದವರು ಅದನ್ನು ಊಟದ ಕರೆ ಎಂದುಕೊಂಡು ಎದ್ದು ಹೊರಟದ್ದೂ ಉಂಟು. ನಮ್ಮ ಹೋಟೆಲಿನಲ್ಲಿ ಬೆಳಿಗ್ಗೆ ದೇವರ ಹಾಡು ಹಾಕುತ್ತೇವೆ. ಇವನು ಕಾಫಿ ಲೋಟ ಕೈಯಲ್ಲಿ ಹಿಡಿದೇ ಎದ್ದು ಹೋಗಿ ಪೆಟ್ಟಿಗೆಯ ಗುಂಡಿ ತಿರುಗಿಸುತ್ತಿದ್ದ. "ದೇವರಿಗೂ ಕಿವಿ ಇದೆ ಅಕ್ಕಾ, ಇಷ್ಟು ಚೂಪಾಗಿ ಇಡ್ಬೇಡಿ." ನನ್ನ ಮಗನಿಗೆ ಇದು ಆಗುತ್ತಿರಲಿಲ್ಲ. "ಇವನ್ಯಾರು ನಮ್ಮ ಗುಂಡಿ ತಿರುಗಿಸ್ಲಿಕ್ಕೆ?" ಎಂದು ಮತ್ತೆ ಜೋರು ಮಾಡುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆಯಿತು.

ಇದೆಲ್ಲ ಆಮೇಲಿನ ಮಾತು. ಮೊದಲು ಅವನು ಹಾಡುಗಾರ.

ಅದಕ್ಕೆ ಹೆವಿ ಮೆಟಲ್ ಎನ್ನುತ್ತಾರೆ. ಪಾತ್ರೆ ಅಂಗಡಿಯ ಮಾಡು ಕುಸಿದರೆ ಎಂಥ ಸದ್ದೋ ಅಂಥದ್ದು. ನಾಲ್ವರು ಹುಡುಗರು, ಹೆಗಲಿನವರೆಗೆ ಕೂದಲು. ಅಭ್ಯಾಸ ಮಾಡಲು ಜಾಗವಿಲ್ಲ, ಹೋದಲ್ಲೆಲ್ಲ ಅಕ್ಕಪಕ್ಕದವರು ಓಡಿಸುತ್ತಿದ್ದರು. ನಮ್ಮ ಹೋಟೆಲಿನ ಮೇಲೆ ಒಂದು ಸಣ್ಣ ಹಾಲ್ ಉಂಟು, ನಾಮಕರಣ, ಹುಟ್ಟುಹಬ್ಬಕ್ಕೆ ಕೊಡುತ್ತೇವೆ. ಅದನ್ನು ಕೇಳಲು ಬಂದ. ಯಜಮಾನರು ಯೋಚಿಸಿ ಒಂದು ದಾರಿ ಹೇಳಿದರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ಮೊದಲು ಅಡುಗೆಮನೆಯಲ್ಲಿ ಮರುದಿನದ ಹಿಟ್ಟು ರುಬ್ಬುತ್ತಾರೆ. ದೊಡ್ಡ ಕಲ್ಲಿನ ಗ್ರೈಂಡರು. ಅದು ಓಡುವಾಗ ಮೇಲೆ ಕೊಲೆಯಾದರೂ ಕೆಳಗೆ ಗೊತ್ತಾಗುವುದಿಲ್ಲ. "ಆ ಹೊತ್ತಿಗೆ ಬಂದು ಎಂತ ಬೇಕಾದ್ರೂ ಬಡ್ಕೊಳ್ಳಿ. ಗ್ರೈಂಡರ್ ನಿಂತ ಕೂಡ್ಲೇ ನಿಮ್ದೂ ನಿಲ್ಬೇಕು" ಎಂದರು. ಹಾಗೆಯೇ ನಡೆಯಿತು. ಮೊದಲಿನ ಎರಡು ಕ್ಯಾಸೆಟ್ಟುಗಳನ್ನು ರೆಕಾರ್ಡ್ ಮಾಡಿದ್ದೂ ಆ ಹಾಲಿನಲ್ಲಿಯೇ, ಅಪ್ಪನ ಮದುವೆ ಮೈಕುಗಳಲ್ಲಿ, ಹಿಟ್ಟು ರುಬ್ಬುವ ಹೊತ್ತಿನಲ್ಲಿ.

ಕೆಳಗಿನವರಿಗೆ ಕೇಳಿಸುತ್ತಿರಲಿಲ್ಲ, ಸರಿ. ನಮ್ಮ ಮನೆ ಹಾಲಿನ ಪಕ್ಕಕ್ಕೆ, ನಡುವೆ ಒಂದು ಗೋಡೆ. ನನಗೆ ಎಲ್ಲ ಕೇಳಿಸುತ್ತಿತ್ತು. ಅವನ ಸ್ವರ ತೆಳು. ಎಷ್ಟು ಕಿರುಚಿದರೂ ದಪ್ಪವಾಗುತ್ತಿರಲಿಲ್ಲ. ಹಾಡು ಸಾವು, ಬೆಂಕಿ, ಯುದ್ಧದ್ದಂತೆ. ಸ್ವರ ಮಾತ್ರ ಅಮ್ಮನ ಹತ್ತಿರ ಸಿನಿಮಾಕ್ಕೆ ದುಡ್ಡು ಕೇಳುವ ಹುಡುಗನದು. ಅಭ್ಯಾಸ ಮುಗಿದ ಮೇಲೆ ಬೆವರು ಸುರಿಸುತ್ತ ನಮ್ಮ ಬಾಗಿಲಿಗೆ ಬರುತ್ತಿದ್ದ.

"ಹೇಗಿತ್ತು ಅಕ್ಕಾ?"

"ಎಂತ ಹೇಗಿತ್ತು? ತಲೆ ಒಡೀತಾ ಉಂಟು."

"ಅದಲ್ಲ, ವಾಯ್ಸ್ ಹೇಗಿತ್ತು?"

"ತೆಳು ಮಾರಾಯ. ಊಟ ಸರಿ ಮಾಡು."

ನಾನು ಸುಳ್ಳು ಹೇಳುವವಳಲ್ಲ, ಅದು ಅವನಿಗೂ ಗೊತ್ತಿತ್ತು. ಆದರೂ ಪ್ರತಿ ಸಲ ಬಂದು ಕೇಳುತ್ತಿದ್ದ. ಚೆನ್ನಾಗಿತ್ತು ಎಂದು ಒಬ್ಬರ ಬಾಯಿಂದ ಕೇಳಬೇಕೆಂಬ ಆಸೆ ಅವನಿಗೆ. ಆ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತುಂಬಿ ಪ್ಯಾರೀಸ್ ಕಾರ್ನರಿನ ಅಂಗಡಿ ಅಂಗಡಿಗೆ ಹೊತ್ತ. ಹೆಚ್ಚು ಯಾರೂ ಕೊಳ್ಳಲಿಲ್ಲ. ಕೊಂಡವರಲ್ಲಿ ಕೆಲವರು ಹಾಡನ್ನು ಅಳಿಸಿ ಅದರ ಮೇಲೆ ಬೇರೆ ಏನೋ ತುಂಬಿಸಿಕೊಂಡರಂತೆ.

ಒಂದು ದಿನ ಗಿಟಾರಿನ ಹುಡುಗ ನಮ್ಮ ಹೋಟೆಲಿನಲ್ಲಿಯೇ, ಕಾಫಿ ಕುಡಿಯುತ್ತ, ಇವನಿಗೆ ಹೇಳಿಬಿಟ್ಟ: "ಮಚ್ಚಾ, ನಿನ್ನ ವಾಯ್ಸ್ ತೆಳು. ಬೇರೆಯವನನ್ನ ನೋಡಿದ್ದೀವಿ." ನಾನು ಗಲ್ಲಾದಲ್ಲಿ ಕೂತಿದ್ದೆ. ಇವನು "ಸರಿ" ಎಂದ. ಕಾಫಿ ಪೂರ್ತಿ ಕುಡಿದ. ಮೇಲೆ ಹೋಗಿ ಎಲ್ಲ ವಯರುಗಳನ್ನು ಒಂದೊಂದಾಗಿ ಸುತ್ತಿಟ್ಟ. ಆ ವಾರ ಅವರದೊಂದು ಕಾರ್ಯಕ್ರಮವಿತ್ತು, ಅದಕ್ಕೆ ತನ್ನ ಮೈಕುಗಳನ್ನೇ ಕೊಟ್ಟು ಕಳಿಸಿದ. ಹೊಸಬ ಅದರಲ್ಲಿಯೇ ಹಾಡಿದ.

ಹೊಸಬನ ಸ್ವರ ದಪ್ಪ. ತಂಡಕ್ಕೆ ಹೆಸರು ಬಂತು, ಹೊರದೇಶಕ್ಕೂ ಹೋದರು. ಮೊದಲ ಎರಡು ಕ್ಯಾಸೆಟ್ಟುಗಳ ಸುದ್ದಿಯನ್ನೇ ಅವರು ಎತ್ತುತ್ತಿರಲಿಲ್ಲ, ತಾವು ಹುಟ್ಟಿದ್ದೇ ಮೂರನೆಯದರಿಂದ ಎನ್ನುವ ಹಾಗೆ. ಒಮ್ಮೆ ಹೋಟೆಲಿನ ಟಿ.ವಿ.ಯಲ್ಲಿ ಅವರ ಹಾಡು ಬಂದಾಗ ಇವನು ತಿನ್ನುವುದನ್ನು ನಿಲ್ಲಿಸಿ ಕೊನೆಯವರೆಗೆ ಕೇಳಿದ. "ಒಳ್ಳೆ ಗಂಟಲು" ಎಂದ. ಮತ್ತೆ ದೋಸೆಗೆ ಕೈ ಹಾಕಿದ. ಅಪ್ಪ ಸತ್ತಾಗ ತಲೆ ಬೋಳಿಸಿದವನು ಆಮೇಲೆ ಕೂದಲನ್ನೂ ಬೆಳೆಸಲಿಲ್ಲ.

ಸಿಗರೇಟು ಸೇದುತ್ತಿದ್ದ. ನಾನು ಬೈದೆ, ಅವನ ಅಮ್ಮ ಬೈದರು, ಡಾಕ್ಟರು ಬೈದರು. ಬಿಡಲಿಲ್ಲ. ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದು ಹಾಕಿದರು. ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ಕರವಸ್ತ್ರ. ಮಾತಾಡಬೇಕಾದರೆ ಟಾರ್ಚಿನಂಥ ಒಂದು ಮಷೀನನ್ನು ಗಂಟಲಿಗೆ ಒತ್ತಿ ಹಿಡಿಯಬೇಕು. ಡಬ್ಬದೊಳಗೆ ಸಿಕ್ಕಿಕೊಂಡ ದುಂಬಿಯ ಹಾಗೆ ಸ್ವರ ಬರುತ್ತದೆ, ಏರಿಲ್ಲ, ಇಳಿತವಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಹೋಟೆಲಿನಲ್ಲಿ ಅದನ್ನು ತೆಗೆದಾಗ ಸಪ್ಲೈಯರ್ ಒಬ್ಬ ಫಕ್ಕನೆ ನಕ್ಕ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರೆ ಇವನು ಕೈ ಎತ್ತಿ ತಡೆದ. ಮಷೀನು ಒತ್ತಿಕೊಂಡು, "ಬಿಡಿ ಅಕ್ಕಾ. ಕೊನೆಗೂ ವಾಯ್ಸ್ ದಪ್ಪ ಆಯ್ತಲ್ಲ" ಎಂದ.

ಅದಕ್ಕೆ ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅವನೊಬ್ಬನೇ ನಕ್ಕ. ನಗುವಿಗೂ ಸದ್ದಿರಲಿಲ್ಲ.

ಅದಾದ ಮರುವರ್ಷ, ಕಾರ್ತಿಕ ಮಾಸದಲ್ಲಿ, ಒಂದು ಭಾನುವಾರಕ್ಕೆ ನಮ್ಮ ಹಾಲ್ ಬೇಕೆಂದು ಒಂದು ಹುಡುಗಿ ಬಂದಳು. ನಿತ್ಯಾ ಎಂದು ಹೆಸರು. ಹಾಸನದ ಕಡೆಯವರ ಮಗಳು, ಪೆರುಂಗುಡಿಯಲ್ಲಿ ಕಂಪ್ಯೂಟರ್ ಕೆಲಸ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಮುದುಕಿ ಎಂದು ಕನಿಕರ ಬಂದರೆ ನಡುವೆ ಎರಡು ಕನ್ನಡದ ಮಾತು. ಏತಕ್ಕೆ ಹಾಲ್, ಹುಟ್ಟುಹಬ್ಬಕ್ಕಾ ಎಂದೆ. "ಇಲ್ಲೆ ಪಾಟಿ, ಸಾಂಗ್ಸ್ ಕೇಳೋಕೆ" ಎಂದಳು. ಅಲ್ಲ ಅಜ್ಜಿ ಎಂದು. ಅವಳು ಹೇಳಿದ್ದು ಅದೇ ತಂಡದ ಹೆಸರು. ಆ ತಂಡ ಶುರುವಾದದ್ದು ಕೋಡಂಬಾಕ್ಕಂನಲ್ಲಿ, ಆದ್ದರಿಂದ ಕೋಡಂಬಾಕ್ಕಂನಲ್ಲಿಯೇ ಕೂತು ಕೇಳಬೇಕಂತೆ. ಯಾವ ಹಾಲಿನಲ್ಲಿ ಶುರುವಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲ.

ಇಂಥವರದ್ದೊಂದು ಪದ್ಧತಿ ಉಂಟು. ಯಾರಿಗೂ ಬೇಡವಾದ ಹಳೆಯ ಕ್ಯಾಸೆಟ್ಟನ್ನು ಹುಡುಕಿ ತಂದು, ಒಟ್ಟಿಗೆ ಕೂತು, ಮೊದಲಿನಿಂದ ಕೊನೆಯವರೆಗೆ ಕೇಳುವುದು. ನಡುವೆ ಏಳಬಾರದು, ಮಾತಾಡಬಾರದು, ಫೋನು ಮುಟ್ಟಬಾರದು. ಸತ್ಯನಾರಾಯಣ ಕಥೆಗೂ ನಮ್ಮವರು ಇಷ್ಟು ನಿಷ್ಠೆಯಿಂದ ಕೂರುವುದಿಲ್ಲ. ಯಾರೋ ಕಂಪ್ಯೂಟರಿಗೆ ಹಾಕಿದ್ದನ್ನು ಕೇಳಿ ಕೇಳಿ ಇವರಿಗೆ ಆ ಹಾಡುಗಳು ಬಾಯಿಪಾಠವಾಗಿದ್ದವು. ಈಗ ಪ್ಯಾರೀಸ್ ಕಾರ್ನರಿನಲ್ಲಿ ಹಳೆ ಸಾಮಾನಿನ ರಾಶಿಯೊಳಗೆ ನಿಜವಾದ ಕ್ಯಾಸೆಟ್ಟೇ ಸಿಕ್ಕಿತ್ತು, ಎರಡರಲ್ಲಿ ಮೊದಲನೆಯದು. ಅದನ್ನು ನಿಜವಾದ ಕ್ಯಾಸೆಟ್ ಡೆಕ್ಕಿನಲ್ಲಿ ಹಾಕಿ ಕೇಳುವ ಆಸೆ. ಡೆಕ್ಕು, ಸ್ಪೀಕರು ಯಾರ ಹತ್ತಿರ ಸಿಗುತ್ತದೆ ಪಾಟಿ ಎಂದಳು. ನಮ್ಮ ಹಾಲಿಗೆ ಯಾವಾಗಲೂ ಬರುವ ಮೈಕಿನವನು ಇದ್ದಾನೆ ಎಂದೆ.

ಅವನಿಗೆ ಹೇಳಿದಾಗ ನಂಬಲಿಲ್ಲ. "ಸುಮ್ನೆ ಆಟ ಆಡ್ಬೇಡಿ ಅಕ್ಕಾ" ಎಂದು ಮಷೀನಿನಲ್ಲಿ ಗುಂಯ್‌ಗುಟ್ಟಿದ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

ಬಂದವರೆಲ್ಲ ಕಪ್ಪು ಅಂಗಿ. ಹುಡುಗರಿಗೆ ಗಡ್ಡ. ಕಾರ್ತಿಕ ಮಾಸ ನೋಡಿ, ಶಬರಿಮಲೆಗೆ ಮಾಲೆ ಹಾಕಿದವರೆಂದು ನಮ್ಮ ಸಪ್ಲೈಯರು ಈರುಳ್ಳಿ ಹಾಕದ ಸಾಂಬಾರು ತಂದಿಟ್ಟು, "ಸ್ವಾಮಿ, ಚಟ್ನಿಗೂ ಈರುಳ್ಳಿ ಹಾಕಿಲ್ಲ" ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿಂದರು.

ತಿಂಡಿಯಾದ ಮೇಲೆ ಅವರದೇ ಮಾತು ಶುರುವಾಯಿತು. ಇವನು ಮೂಲೆಯಲ್ಲಿ ವಯರು ಜೋಡಿಸುತ್ತಿದ್ದ. ಆಮೇಲೆ ಬಂದವನು ಏನೂ ಅಲ್ಲ, ಮೊದಲಿನವನ ಗಂಟಲೇ ಗಂಟಲು, ಆ ತಂಡ ಅವನನ್ನು ಬಿಟ್ಟದ್ದೇ ದೊಡ್ಡ ಮೂರ್ಖತನ, ಇಡೀ ದೇಶದಲ್ಲಿ ಅಂಥದ್ದಿಲ್ಲ ಎಂದು ಒಬ್ಬ ಹೇಳಿದರೆ ಇನ್ನೊಬ್ಬ ಹೌದು ಹೌದು ಎನ್ನುತ್ತಿದ್ದ. ಇವನು ವಯರಿನ ತುದಿ ಸುಲಿಯುತ್ತಿದ್ದವನು ಸುಲಿದದ್ದನ್ನೇ ಮತ್ತೆ ಮತ್ತೆ ಸುಲಿದ. ತಾಮ್ರ ಉದುರಿತು. ನಾನು ಎದ್ದದ್ದು ನೋಡಿ ಹತ್ತಿರ ಬಂದು, ಅವರಿಗೆ ಬೆನ್ನು ಮಾಡಿ, ಮಷೀನಿನ ಸದ್ದು ತಗ್ಗಿಸಿಕೊಂಡು ಹೇಳಿದ: "ಈಗ್ಲೇ ಹೇಳ್ಬೇಡಿ ಅಕ್ಕಾ. ಹಾಡು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

ಶುರುವಾಗುವ ಮೊದಲು ನಿತ್ಯಾ ಎದ್ದು ನಿಂತಳು. ಹಾಡಿದವನು ತೀರಿಹೋಗಿದ್ದಾನೆಂದು ಯಾರೋ ಕಂಪ್ಯೂಟರಿನಲ್ಲಿ ಬರೆದಿದ್ದರಂತೆ. ಅವನಿಗಾಗಿ ಮೌನ ಎಂದಳು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಇವನೂ ಸ್ಪೀಕರಿನ ಪಕ್ಕ ಕೈಕಟ್ಟಿ ನಿಂತ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅಪ್ಪ ಸತ್ತ ಮೇಲೆ ಅವನ ಮುಖದಲ್ಲಿ ಅಷ್ಟು ಖುಷಿ ನಾನು ಕಂಡಿರಲಿಲ್ಲ.

ಕ್ಯಾಸೆಟ್ಟು ಹಾಕಿದ. ಮೊದಲು ಗಿಟಾರು, ಅದರ ಅಡಿಯಲ್ಲಿ ಒಂದು ಗುರ್ ಎನ್ನುವ ಸದ್ದು. ನನಗೆ ಕೂಡಲೇ ಗೊತ್ತಾಯಿತು, ನಮ್ಮ ಗ್ರೈಂಡರು. ಆಮೇಲೆ ಅವನ ಸ್ವರ, ಗೋಡೆಯಾಚೆ ಕೇಳುತ್ತಿದ್ದದ್ದೇ. ತೆಳು, ಎಳೆಯದು, ಉಸಿರು ಕಟ್ಟಿಕೊಂಡು ಓಡುವಂಥದ್ದು.

ಹಿಂದೆ ಕೂತಿದ್ದ ಹುಡುಗ ನಕ್ಕ. "ಸ್ಕೂಲ್ ಪಯ್ಯನ್ ಮಾದಿರಿ ಇರುಕ್ಕು" ಎಂದ. ಶಾಲೆ ಹುಡುಗನ ಹಾಗಿದೆ ಎಂದು. ಮೌನದ ನಿಯಮವೆಲ್ಲ ಹೋಯಿತು, ಎಲ್ಲರೂ ನಕ್ಕರು. ನಿತ್ಯಾ ಎದ್ದು, "ಅಣ್ಣಾ, ಸ್ಪೀಡ್ ತಪ್ಪು. ನಿಮ್ಮ ಡೆಕ್ ಫಾಸ್ಟಾಗಿ ಓಡ್ತಿದೆ" ಎಂದಳು. ತನ್ನ ಫೋನಿನಲ್ಲಿದ್ದದ್ದನ್ನು ಹಾಕಿ ಕೇಳಿಸಿದಳು. ಅದೇ ಹಾಡು, ಆದರೆ ಬಾವಿಯ ತಳದಿಂದ ಕೋಣ ಕೂಗಿದ ಹಾಗೆ. ಕಂಪ್ಯೂಟರಿಗೆ ಹಾಕಿದವನ ಡೆಕ್ಕಿನ ಬೆಲ್ಟು ಸಡಿಲವಾಗಿತ್ತು, ಟೇಪು ನಿಧಾನ ಓಡಿತ್ತು. ನಿಧಾನ ಓಡಿದರೆ ಯಾರ ಸ್ವರವಾದರೂ ದಪ್ಪವಾಗುತ್ತದೆ. ಇವರು ವರ್ಷಗಟ್ಟಲೆ ಕೇಳಿ ಮೆಚ್ಚಿದ್ದು ಅದನ್ನು.

ತಪ್ಪು ಅವನ ಡೆಕ್ಕಿನದಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅವನು ನನ್ನ ಕಡೆ ನೋಡಿ ತಲೆಯಾಡಿಸಿದ, ಬೇಡ ಎಂದು. ಮಷೀನು ಜೇಬಿನಲ್ಲಿಯೇ ಇತ್ತು. ಸಣ್ಣ ಸ್ಕ್ರೂಡ್ರೈವರ್ ತೆಗೆದು, ಡೆಕ್ಕಿನ ಹಿಂಭಾಗ ಬಿಚ್ಚಿ, ಮೋಟರಿನ ಸ್ಕ್ರೂವನ್ನು ತಿರುಗಿಸತೊಡಗಿದ. ಅವನ ಸ್ವರ ಅವನ ಕೈಯಲ್ಲಿಯೇ ಇಳಿಯತೊಡಗಿತು. "ಇನ್ನೂ ಅಣ್ಣಾ, ಇನ್ನೂ" ಎಂದು ಹುಡುಗರು ಕೈ ತಗ್ಗಿಸಿ ತೋರಿಸುತ್ತಿದ್ದರು. ಗ್ರೈಂಡರೂ ನಿಧಾನವಾಯಿತು, ಕರೆಂಟು ಕಡಿಮೆಯಾದಾಗ ಆಗುವ ಹಾಗೆ. ಕೋಣದ ಸ್ವರ ಬಂದದ್ದೇ "ಸ್ಟಾಪ್!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಕಣ್ಣು ಮುಚ್ಚಿ ಕೇಳಿದರು. ಒಬ್ಬ ಅತ್ತ. ಇವನು ಕೊನೆಯವರೆಗೂ ಸ್ಪೀಕರಿನ ಹಿಂದೆ ನಿಂತಿದ್ದ. ಮುಗಿದ ಮೇಲೆ "ಸೂಪರ್ ಸೌಂಡ್ ಅಣ್ಣಾ" ಎಂದು ಕೈ ಕುಲುಕಿ ಹೋದರು.

ಅವರು ಇಳಿದು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಬಾಯಿ ಇಲ್ವಾ ನಿನಗೆ? ಅದು ನಾನೇ ಅಂತ ಹೇಳ್ಲಿಕ್ಕೆ ಎಂತ ಧಾಡಿ?" ಎಂದೆ. ಹೇಳಿದ ಮೇಲೆ ಅವನ ಕುತ್ತಿಗೆಯ ಕರವಸ್ತ್ರ ಕಣ್ಣಿಗೆ ಬಿತ್ತು. ಅವನಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಮಷೀನು ಒತ್ತಿಕೊಂಡ.

"ಏನಂತ ಹೇಳ್ಲಿ ಅಕ್ಕಾ? ಅವರಿಗೆ ಇಷ್ಟ ಆಗಿರೋದು ನಾನಲ್ಲ. ಯಾವುದೋ ಬೆಲ್ಟ್ ಲೂಸಾಗಿರೋ ಡೆಕ್ಕು."

"ಆದ್ರೂ ಹಾಡಿದ್ದು ನೀನಲ್ವಾ?"

"ನಾನು ಹಾಡಿದ್ದು ಕೇಳಿ ನಕ್ಕರಲ್ಲ, ನೋಡಿದ್ರಲ್ಲ. ಆಗ ಒಂದು ಸಲ ತೆಳು ಅಂದ್ರು, ಹೋಗ್ಲಿ. ಇವರ ಬಾಯಲ್ಲೂ ಅದನ್ನ ಕೇಳ್ಬೇಕಾ? ಹೇಳ್ಬೇಡಿ ಅಕ್ಕಾ. ಸತ್ತವನು ಚೆನ್ನಾಗಿ ಹಾಡ್ತಿದ್ದ ಅಂದ್ಕೊಂಡಿದ್ದಾರೆ, ಅಂದ್ಕೊಳ್ಲಿ."

ಕಾಫಿ ಕುಡಿ ಎಂದೆ. ಬೇಡ ಎಂದ. ಅವನು ನಮ್ಮ ಕಾಫಿ ಬೇಡ ಎಂದದ್ದು ಅದೇ ಮೊದಲು.

ಕಾಯಿಲೆ ಮತ್ತೆ ಬಂತು, ಈ ಸಲ ಪುಪ್ಪುಸಕ್ಕೆ. ಆಸ್ಪತ್ರೆ ಬೇಡ ಎಂದು ಮನೆಯಲ್ಲೇ ಮಲಗಿದ. ಅವನ ಅಮ್ಮ ಅಷ್ಟರಲ್ಲಿ ತೀರಿಹೋಗಿದ್ದರು. ಗಂಜಿ ನಾನೇ ಕೊಂಡುಹೋಗುತ್ತಿದ್ದೆ. ಒಂದು ದಿನ ಬೆಳಗ್ಗೆ ಹೋದರೆ ಮುಗಿದಿತ್ತು. ಮೈಸೂರಿಗೆ ಮದುವೆಯಾಗಿ ಹೋಗಿದ್ದ ಅವನ ಸ್ವಂತ ಅಕ್ಕ ಬಂದಳು, ಅತ್ತಳು. ನಾನು ಅಳಲಿಲ್ಲ, ಓಣಿಯಲ್ಲಿ ಅವನನ್ನು ಮಲಗಿಸುವ ಗಾಜು ಮುಚ್ಚಳದ ಐಸಿನ ಪೆಟ್ಟಿಗೆ ಇಡಲು ಜಾಗ ಮಾಡಿಸುವುದಿತ್ತು.

ಮಧ್ಯಾಹ್ನ ನಿತ್ಯಾಳಿಗೆ ಫೋನು ಮಾಡಿಸಿದೆ. ಹಾಲ್ ತೆಗೆದುಕೊಂಡಾಗ ನಂಬರು ಕೊಟ್ಟಿದ್ದಳು. ಹೇಳಬೇಡ ಎಂದಿದ್ದ, ನಿಜ. ಬದುಕಿರುವಷ್ಟು ದಿನ ಹೇಳಲಿಲ್ಲ. 'ನಾನು ಹಾಡಿದ್ದು' ಎಂದು ಅವನು ನನ್ನೊಬ್ಬಳಿಗೆ ಹೇಳಿದ್ದು ಬೇರೆ ಯಾರ ಕಿವಿಗೂ ಬೀಳದೆ ಬೂದಿಯಾಗುವುದು ನನಗೆ ಸರಿ ಕಾಣಲಿಲ್ಲ.

ಮೈಕಿನ ಅಣ್ಣ ಹೋದರೆಂದು ಆಫೀಸಿನಿಂದ ನೇರ ಬಂದಳು. ಪೆಟ್ಟಿಗೆಯ ಪಕ್ಕ ಕೂರಿಸಿ ಹೇಳಿದೆ. "ಅವತ್ತು ಮೌನ ಮಾಡಿದ್ರಲ್ಲ, ಅದು ಇವನಿಗೆ. ಅಲ್ಲೇ ನಿಂತಿದ್ದ."

ಅವಳು ಗಾಜಿನೊಳಗೆ ನೋಡಿದಳು. ನನ್ನನ್ನು ನೋಡಿದಳು. "ಇಲ್ಲೆ ಪಾಟಿ. ಆ ವಾಯ್ಸು..."

"ಫೋನು ತೆಗೆ" ಎಂದೆ. "ಆ ಹಾಡು ಹಾಕು. ಜೋರು ಓಡಿಸ್ಲಿಕ್ಕೆ ಬರ್ತದಾ ಅದ್ರಲ್ಲಿ?"

ಬರುತ್ತದೆ ಎಂದಳು. ಹಾಕಿದಳು. ಕೋಣ ಕೂಗಿತು. ಕೂತಿದ್ದ ನೆಂಟರು ತಿರುಗಿ ನೋಡಿದರು. "ಇನ್ನೂ ಸ್ವಲ್ಪ ಜೋರು" ಎಂದೆ. ಬೆರಳು ಆಡಿಸಿದಳು. "ಇನ್ನೂ." ಸ್ವರ ಏರುತ್ತ ಬಂತು. ಗೋಡೆಯಾಚೆ ಕೇಳಿದ್ದು ನೆನಪಿದ್ದದ್ದು ಈ ಲೋಕದಲ್ಲಿ ನನಗೊಬ್ಬಳಿಗೇ. "ಹೆಚ್ಚಾಯ್ತು, ಸ್ವಲ್ಪ ಇಳಿಸು... ಸಾಕು. ಇದು ಅವನು."

ತೆಳು ಸ್ವರ ಓಣಿಯಲ್ಲಿ ಕೇಳಿಸಿತು. ಅವಳು ನಗಲಿಲ್ಲ. ಬಹಳ ಹೊತ್ತು ಕೇಳಿ, "ಪಾಟಿ, ಹುಡುಗ ಹೆದರ್ಕೊಂಡು ಹಾಡ್ತಿರೋ ಹಾಗಿದೆ" ಎಂದಳು.

"ಹೆದರ್ಕೊಂಡೇ ಹಾಡಿದ್ದು."

"ಆದ್ರೂ ನಿಲ್ಲಿಸ್ತಿಲ್ಲ" ಎಂದಳು.

ಅವಳು ಫೋನನ್ನು ಗಾಜಿನ ಮೇಲೆ, ಅವನ ತಲೆಯ ಹತ್ತಿರ ಇಟ್ಟಳು.

ಶವದ ಗಾಡಿ ಬಂದು ಓಣಿಯ ಬಾಯಲ್ಲಿ ನಿಂತಿತು. ಡ್ರೈವರ್ ಹಾರ್ನ್ ಹೊಡೆದ, ಆಮೇಲೆ ಇಳಿದು ಬಂದ. ಹೊತ್ತಾಯಿತು ಅಮ್ಮಾ, ಎತ್ತೋಣವಾ ಎಂದು ತಮಿಳಿನಲ್ಲಿ ಕೇಳಿದ. ನೆಂಟರು ಎದ್ದರು.

ಇರಪ್ಪಾ, ಹಾಡು ಮುಗಿಯಲಿ ಎಂದೆ.

ಅವನು ಕಿವಿಗೊಟ್ಟು ಕೇಳಿ, ಮುಖ ಕಿವುಚಿ, ಇದು ಹಾಡಾ ಎಂದ.

ಹೌದು, ಹಾಡೇ ಎಂದೆ.